ಗಾಂಧಿಬಜಾರಿನ ನೆನಪಿನ ನಕ್ಷೆ: ಹನ್ನೊಂದನೇ ವಾರ

ಬೆಂಗಳೂರಿನ ಗಾಂಧಿಬಜಾರಿನಲ್ಲಿ ಒಂದು ಕಾಲಕ್ಕೆ ಇದ್ದು ಈಗ ಮುಚ್ಚಿಹೋದ ಅಂಗಡಿಗಳನ್ನು ಹಳಬರ ನೆನಪಿನಿಂದ ನಕ್ಷೆಗೆ ಇಳಿಸುತ್ತಿದ್ದೇನೆ. ಈ ವಾರಕ್ಕೆ ಎಡಗಡೆ ಸಾಲಿನಲ್ಲಿ 14 ಅಂಗಡಿ ಗಟ್ಟಿಯಾಗಿ ಕೂತವು. ಬಲಗಡೆ ಬರೀ 6. ಎಡ, ಬಲ ಅಂದರೆ ಟೇಗೋರ್ ಸರ್ಕಲ್ಲಿಗೆ ಬೆನ್ನು ಹಾಕಿ ರಾಮಕೃಷ್ಣ ಆಶ್ರಮದ ಕಡೆ ನಡೆಯುವವರ ಎಡ, ಬಲ. ಇದನ್ನು ಮೊದಲ ವಾರವೇ ತೀರ್ಮಾನಿಸಿಕೊಳ್ಳದೆ ಮೂರು ಮನೆಗೆ ಎರಡೆರಡು ಸಲ ಅಲೆದೆ.

ಪದ್ಧತಿ ಹಾಗೇ ಇದೆ. ನಡುಮನೆ ಗೋಡೆಗೆ ಉದ್ದಕ್ಕೆ ಡ್ರಾಯಿಂಗ್ ಹಾಳೆ ಅಂಟಿಸಿ ರಸ್ತೆ ಬರೆದಿದ್ದೇನೆ. ಒಂದೊಂದು ಅಂಗಡಿಗೆ ಒಂದೊಂದು ಚೀಟಿ. ಒಬ್ಬರೇ ಹೇಳಿದ್ದು ಪೆನ್ಸಿಲ್ಲಿನಲ್ಲಿ. ಇನ್ನೊಬ್ಬರು ತಾವಾಗಿಯೇ ಅದೇ ಮಾತು ಹೇಳಿದರೆ ಮಾತ್ರ ಇಂಕು. ಗೋಡೆ ಯಾವಾಗ ಖಾಲಿಯಾಗುತ್ತೆ ಅಂತ ಮನೆಯಲ್ಲಿ ದಿನಾ ಕೇಳುತ್ತಾರೆ.

ಶುರುವಿನಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆಯೇ ಕೆಟ್ಟದ್ದು. 'ಆಗ ಯಾವ್ಯಾವ ಅಂಗಡಿ ಇತ್ತು?' ಅಂದರೆ ಎಲ್ಲರದ್ದೂ ಒಂದೇ ಬಾಯಿಪಾಠ: ವಿದ್ಯಾರ್ಥಿ ಭವನದ ದೋಸೆ, ಹೂವಿನ ಸಾಲು, ನಡೆದುಹೋಗುತ್ತಿದ್ದ ಮಾಸ್ತಿಯವರು. ವಿದ್ಯಾರ್ಥಿ ಭವನ 1943ರಿಂದ ಇದೆ, ಈಗಲೂ ಇದೆ, ಅದಕ್ಕೆ ನನ್ನ ಚೀಟಿಯ ಹಂಗಿಲ್ಲ. ನನಗೆ ಬೇಕಾದದ್ದು ಬಾಗಿಲು ಮುಚ್ಚಿ ಹೋದವು.

ಈಗ ಕೇಳುವುದು ಹೀಗೆ: 'ಮನೆಯಿಂದ ನಿಮ್ಮನ್ನ ಏನು ತರೋಕೆ ಓಡಿಸ್ತಿದ್ರು?' ಕಳೆದ ಭಾನುವಾರ ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ಹೀಗೆ ಕೇಳಿದೆ. ಕಣ್ಣು ಮುಚ್ಚಿಕೊಂಡು ಹೊರಟೇಬಿಟ್ಟರು. ಗ್ರಂಧಿಗೆ ಅಂಗಡಿ ಮೆಟ್ಟಿಲು ಎತ್ತರ, ಲಂಗ ಎತ್ತಿಕೊಂಡು ಹತ್ತಬೇಕು. ಇಳಿದು ನಾಲ್ಕು ಹೆಜ್ಜೆ ಹಾಕೋದರೊಳಗೆ ಕಾಫಿ ಬೀಜ ಹುರಿಯೋ ವಾಸನೆ. ಅದು ತಪ್ಪುತ್ತಿದ್ದಂತೆ ಸೌದೆ ಡಿಪೋದ ಹಸಿ ಮರದ ವಾಸನೆ. ಅಂದರೆ ಕಾಫಿ ಅಂಗಡಿ ಇವೆರಡರ ನಡುವೆ. ನಾನು ಡಿಪೋದ ಆಚೆ ಅಂಟಿಸಿದ್ದೆ. ಚೀಟಿ ಕಿತ್ತು ಜಾಗ ಬದಲಿಸಿದೆ. ಅಂಗಡಿಯ ಹೆಸರು ಅವರಿಗೆ ಆಗಲೂ ಗೊತ್ತಿರಲಿಲ್ಲವಂತೆ. 'ಕಾಫಿಪುಡಿ ಅಂಗಡಿ ಅಂದ್ರೆ ಕಾಫಿಪುಡಿ ಅಂಗಡಿ ಅಷ್ಟೇ ಕಣಪ್ಪ.'

ಅವರ ಹತ್ತಿರವೇ ನನ್ನ ಲೆಕ್ಕ ತಪ್ಪಿದ್ದೂ ಗೊತ್ತಾಯಿತು. ತಿಂಗಳಿಗೆ ನಾಲ್ಕು ಸೇರು ಕಾಫಿ ಬೀಜ ಅಂದಿದ್ದರು. ಸೇರಿಗೆ 933 ಗ್ರಾಂ ಅಂತ ಹಿಡಿದು ಪೌಣೆ ನಾಲ್ಕು ಕಿಲೋ ಬರೆದು, ಪಕ್ಕದಲ್ಲಿ 'ತುಂಬು ಸಂಸಾರ' ಅಂತ ಷರಾ ಬೇರೆ ಹಾಕಿದ್ದೆ. ಓದಿ ಹೇಳಿದಾಗ ಅಜ್ಜಿ ಬಿದ್ದು ಬಿದ್ದು ನಕ್ಕರು. 933 ಗ್ರಾಂ ಅನ್ನುವುದು 80 ತೊಲದ ಸೇರು. ನಮ್ಮ ಮೈಸೂರು ಸೀಮೆಯ ತೂಕದ ಸೇರು 24 ತೊಲ, ಸುಮಾರು 280 ಗ್ರಾಂ. ಹಾಗಾದರೆ ನಾಲ್ಕು ಸೇರು ಅಂದರೆ ಒಂದು ಕಿಲೋ ಚಿಲ್ಲರೆ. ಸಂಸಾರ ಐದು ಜನದ್ದೇ. ಹಿಂದಿನ ಚೀಟಿಗಳಲ್ಲಿ ಸೇರು ಬಂದಲ್ಲೆಲ್ಲ ತಿದ್ದುತ್ತಾ ಕೂತಿದ್ದೇನೆ. ಅಕ್ಕಿ, ರಾಗಿ ಅಳೆಯುವ ಸೇರು, ಪಾವು ಬೇರೆಯೇ ಕಥೆ, ಅದನ್ನು ಮುಟ್ಟಿಲ್ಲ.

ಇಸವಿ ಕೇಳಿದರೆ ಯಾರೂ ನೆಟ್ಟಗೆ ಹೇಳುವುದಿಲ್ಲ. 'ನಾನು ಮಿಡ್ಲ್ ಸ್ಕೂಲಲ್ಲಿದ್ದೆ' ಅನ್ನುವುದೇ ದೊಡ್ಡದು. ಹಾಗಾಗಿ ಬೇರೆ ಗುರುತು ಹುಡುಕುತ್ತೇನೆ. ಒಬ್ಬ ನಿವೃತ್ತ ಮೇಷ್ಟ್ರು ಕೊಟ್ಟ ಗುರುತು ಈ ವಾರದ ಬಂಪರ್. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು, 16 ಆಣೆಯ ರೂಪಾಯಿ 100 ನಯಾ ಪೈಸೆಯಾಯಿತು. ಒಂದಾಣೆ ಅಂದರೆ ಆರೂಕಾಲು ಪೈಸೆ. ಆ ಕಾಲು ಪೈಸೆಯನ್ನು ಎಲ್ಲಿಂದ ತರೋದು? ಹಾಗಾಗಿ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಅಂತ ಬದಲಾವಣೆ ಪಟ್ಟಿ. ಮೇಷ್ಟ್ರಿಗೆ ಆಗ ಹತ್ತು ವರ್ಷ. ನಾಲ್ಕಾಣೆ ಸಕ್ಕರೆಗೆ ಅಮ್ಮ 25 ಪೈಸೆ ಕೊಟ್ಟರೆ, ಒಂದೊಂದಾಣೆಯದ್ದು ನಾಲ್ಕು ಪೊಟ್ಟಣ ಬೇರೆ ಬೇರೆ ಕಟ್ಟಿಸಿಕೊಂಡು 24 ಕೊಟ್ಟು, ಮಿಕ್ಕ ಒಂದು ನಯಾ ಪೈಸೆ ಚಡ್ಡಿ ಜೇಬಿಗೆ. ಸೆಣಬಿನ ದಾರ ಸುತ್ತೀ ಸುತ್ತೀ ಸಾಕಾಗಿ ಶೆಟ್ಟರು ನಾಲ್ಕನೇ ದಿನ ಕೇಳಿದರಂತೆ: 'ಏನಯ್ಯಾ, ನಿಮ್ಮನೇಲಿ ಸಕ್ಕರೆಗೆ ನಾಲ್ಕು ಡಬ್ಬಾನಾ?'

ಆಣೆಯೂ ಪೈಸೆಯೂ ಒಟ್ಟಿಗೆ ಓಡುತ್ತಿದ್ದ ಆ ಕೆಲವು ವರ್ಷ ಮಾತ್ರ ನಡೆಯುವ ಆಟ ಇದು. ಹೀಗಾಗಿ ಆ ದಿನಸಿ ಅಂಗಡಿ ಚೀಟಿಯಲ್ಲಿದ್ದ '1965ರ ಸುಮಾರು' ಹೊಡೆದುಹಾಕಿ ಐವತ್ತರ ದಶಕದ ಕೊನೆಗೆ ತಂದೆ.

ಕಾಗದಗಳದ್ದು ಸುಲಭ. ಬಟ್ಟೆ ಅಂಗಡಿಯ ಕೈಚೀಲ, ಕ್ಯಾಲೆಂಡರು, ರಸೀದಿ ಯಾವುದರಲ್ಲೇ 560004 ಅಂತಿದ್ದರೆ ಅದು 1972ರ ಆಗಸ್ಟ್ 15ರ ಈಚಿನದ್ದು, ಪಿನ್‌ಕೋಡ್ ಬಂದದ್ದೇ ಆವತ್ತು. 'ಬೆಂಗಳೂರು-4' ಅಂತಷ್ಟೇ ಇದ್ದರೆ ಏನೂ ಹೇಳಲಾಗದು, ಆಮೇಲೂ ಎಷ್ಟೋ ವರ್ಷ ಜನ ಹಾಗೇ ಬರೆದರು. ಡಿವಿಜಿ ರಸ್ತೆಯನ್ನು ಅದರ ಹಳೇ ಹೆಸರು ಹಿಡಿದು ನಾಗಸಂದ್ರ ರಸ್ತೆ ಅನ್ನುವವರು ಸಿಕ್ಕರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ. ಇವೆಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಅಡುಗೆಮನೆಯಲ್ಲಿ ಸಿಗುತ್ತೆ: ಅಟ್ಟದಿಂದ ಇಳಿಸಿದ ಪಾತ್ರೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ತಾರೀಖು. ಕೊಂಡ ದಿನವೇ ಅಂಗಡಿಯಲ್ಲಿ ಕೊರೆದು ಕೊಡುತ್ತಿದ್ದರು. ಪಾತ್ರೆ ಅಂಗಡಿಯ ಚೀಟಿ ಇಂಕಿಗೆ ಬಂದದ್ದು ಹುಣಸೆಹಣ್ಣು ಹಾಕಿ ತಿಕ್ಕಿದ ಒಂದು ಹಿತ್ತಾಳೆ ಕೊಳಗದಿಂದ.

ಇನ್ನು ಬಲಗಡೆಯ ಜಗಳ. ಗಡಿಯಾರ ರಿಪೇರಿ ಅಂಗಡಿ ಎಡಕ್ಕಿತ್ತು ಅಂತ ಅಣ್ಣ, ಬಲಕ್ಕೆ ಅಂತ ತಮ್ಮ. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರಿಗೂ ಮೊಲಕ್ಕೆ ಮೂರೇ ಕಾಲು. ಮಾತಿನ ಮಧ್ಯೆ ಅಣ್ಣನೇ ಒಂದು ಎಳೆ ಬಿಟ್ಟುಕೊಟ್ಟರು: ಚಳಿಗಾಲದ ಮಧ್ಯಾಹ್ನ ಗಡಿಯಾರದವನು ಬಿಸಿಲಿಗೆ ಗೋಣಿತಟ್ಟು ಇಳಿಬಿಟ್ಟು, ಅದರ ಸಂದಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದನಂತೆ. ರಸ್ತೆ ಪೂರ್ವದಿಂದ ಪಶ್ಚಿಮಕ್ಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆ ಹೊತ್ತಲ್ಲಿ ಬಿಸಿಲು ಒಳಗೆ ನುಗ್ಗಬೇಕಾದರೆ ಅಂಗಡಿ ದಕ್ಷಿಣಕ್ಕೆ ಮುಖ ಮಾಡಿರಬೇಕು, ಅಂದರೆ ರಸ್ತೆಯ ಉತ್ತರದ ಸಾಲು. ಬಲಗಡೆ. ಇದನ್ನು ವಿವರಿಸಿದರೆ ಅಣ್ಣ, 'ಸೂರ್ಯನ್ನ ಯಾಕಪ್ಪ ನಡುವೆ ತರ್ತೀಯ' ಅಂದರು. ತಮ್ಮ ಒಳಗೆ ಹೋಗಿ ಕಾಫಿ ತಂದರು, ನನಗೆ ಮಾತ್ರ.

ಚೀಟಿ ಸದ್ಯಕ್ಕೆ ಬಲಗಡೆ, ಪೆನ್ಸಿಲ್ಲಿನಲ್ಲೇ. ಬರುವ ಶುಕ್ರವಾರ ಬೆಳಗ್ಗೆ ಆರೂವರೆಗೆ ಇಬ್ಬರನ್ನೂ ಕರೆದುಕೊಂಡು ಸರ್ಕಲ್ಲಿನಿಂದ ನಡೆಯುತ್ತೇನೆ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜ, ಫುಟ್‌ಪಾತಿನ ಮೇಲೆ ದೋಸೆಗೆ ಕಾಯುವವರು ಇರುವುದಿಲ್ಲ, ನಿಂತು ಜಗಳ ಆಡಲು ಜಾಗ ಸಿಗುತ್ತೆ.