ಬೆನ್ನ ಮೇಲಿನ ಅಚಲ

ಕಳೆದ ನವೆಂಬರಿನಲ್ಲಿ ಚಿಕ್ಕಮ್ಮನ ಮಗ ಬೆಂಗಳೂರಿನಿಂದ ಜಪಾನಿನ ಯೋಕೊಹಾಮಾಕ್ಕೆ ಬಂದ. ಹತ್ತು ದಿನದ ಪ್ರವಾಸ. ಫುಜಿ ಪರ್ವತ, ಕ್ಯೋಟೋದ ದೇಗುಲಗಳು ಎಂದೆಲ್ಲ ನಾನು ಪಟ್ಟಿ ಮಾಡಿಟ್ಟಿದ್ದೆ. ಅವನು ಅದನ್ನು ನೋಡಲೂ ಇಲ್ಲ. "ಅಕ್ಕ, ಯಂತ್ರವಿಲ್ಲದೆ ಕೈಯಲ್ಲೇ ಟ್ಯಾಟೂ ಹಾಕುವವರನ್ನು ಒಮ್ಮೆ ತೋರಿಸು, ಸಾಕು" ಎಂದ. ಬೆಂಗಳೂರಿನಲ್ಲಿ ಅವನದೊಂದು ಪುಟ್ಟ ಟ್ಯಾಟೂ ಅಂಗಡಿ ಇದೆ. ಎಂಟು ವರ್ಷಗಳಿಂದ ಅದೇ ಅವನ ಅನ್ನ.

ಭಾಷಾಂತರದ ಕೆಲಸದಲ್ಲಿ ಹನ್ನೆರಡು ವರ್ಷ ಈ ಊರಿನಲ್ಲಿದ್ದರೂ ಅಂಥ ಜಾಗದ ಬಾಗಿಲು ನಾನು ತುಳಿದಿರಲಿಲ್ಲ. ಇಲ್ಲಿ ಟ್ಯಾಟೂ ಎಂದರೆ ಜನರಿಗೆ ಮೊದಲು ನೆನಪಾಗುವುದು ಯಾಕುಜಾ ಎಂಬ ಪಾತಕಿ ಗುಂಪುಗಳು. ಬಿಸಿನೀರಿನ ಬುಗ್ಗೆಗಳ ಬಾಗಿಲಲ್ಲಿ 'ಟ್ಯಾಟೂ ಇರುವವರಿಗೆ ಪ್ರವೇಶವಿಲ್ಲ' ಎಂಬ ಫಲಕ ಕಂಡು ಕಂಡು ನನ್ನ ಕಣ್ಣಿಗೂ ಅದು ರೂಢಿಯಾಗಿಹೋಗಿತ್ತು. ಕಚೇರಿಯ ಹಿರಿಯರೊಬ್ಬರನ್ನು ವಿಚಾರಿಸಿದಾಗ ಅವರು ದನಿ ತಗ್ಗಿಸಿದರು. ಒಂದು ವಾರ ಬಿಟ್ಟು, ತಮ್ಮ ಪರಿಚಯದವರ ಪರಿಚಯದವರ ಮೂಲಕ ಒಂದು ವಿಳಾಸ ಕೊಟ್ಟರು. ಹೆಸರು ಹೇಳಿ ಕಳುಹಿಸುವವರಿಲ್ಲದೆ ಆ ಬಾಗಿಲು ತೆರೆಯುವುದಿಲ್ಲವಂತೆ.

ಹಿನೋದೆಚೊ ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಹಳೆಯ ಕಟ್ಟಡ, ಮೂರನೆಯ ಮಹಡಿ. ಬೋರ್ಡು ಇರಲಿಲ್ಲ. ಒಳಗೆ ತತಾಮಿ ಚಾಪೆ, ಗೋಡೆಯ ಮೇಲೆ ಪುಟ್ಟ ದೇವರ ಗೂಡು, ಸಾಬೂನಿನ ವಾಸನೆ. ಚಹಾ ತಂದ ಹುಡುಗ ಶಿಷ್ಯ. ನಾಲ್ಕು ವರ್ಷದಿಂದ ನೆಲ ಒರೆಸುತ್ತ, ಉಪಕರಣಗಳನ್ನು ಶುದ್ಧೀಕರಿಸುತ್ತ, ಸೂಜಿ ಕಟ್ಟುತ್ತ ಇದ್ದಾನೆ. ಗುರುಗಳ ಗಿರಾಕಿಯ ಮೈ ಇನ್ನೂ ಅವನ ಕೈಗೆ ಸಿಕ್ಕಿಲ್ಲ. ಅಭ್ಯಾಸವೆಲ್ಲ ತನ್ನದೇ ತೊಡೆಗಳ ಮೇಲೆ.

ಮೊದಲ ವಾಕ್ಯದಲ್ಲೇ ನಾನು ಎಡವಿದೆ. "ನನ್ನ ತಮ್ಮ ಇರೆಜುಮಿ ನೋಡಲು ಬಂದಿದ್ದಾನೆ" ಎಂದೆ. ಚಹಾ ಸುರಿಯುತ್ತಿದ್ದ ಹುಡುಗನ ಕೈ ಒಂದು ಕ್ಷಣ ತಡೆಯಿತು. ಗುರುಗಳಿಗೆ ಅರವತ್ತು ದಾಟಿರಬಹುದು, ಕೋಪಿಸಿಕೊಳ್ಳಲಿಲ್ಲ, ವಿವರಿಸಿದರು. ಇರೆಜುಮಿ ಎಂದರೆ ಮಸಿಯನ್ನು ಒಳಗೆ ಸೇರಿಸುವುದು. 1720ರಲ್ಲಿ ಆಗ ದೇಶವಾಳುತ್ತಿದ್ದ ಶೋಗುನ್ ಸೇನಾಡಳಿತ ಕಳ್ಳರ ಮೂಗು, ಕಿವಿ ಕೊಯ್ಯುವುದನ್ನು ಬಿಟ್ಟು ತೋಳಿನ ಮೇಲೆ ಮಸಿಯ ಪಟ್ಟಿ ಹಾಕಿಸತೊಡಗಿತು. ಕೆಲವು ಪ್ರಾಂತ್ಯಗಳಲ್ಲಿ ಹಣೆಯ ಮೇಲೆಯೇ ಗುರುತು. ಆ ಶಿಕ್ಷೆಯ ಹೆಸರು ಇರೆಜುಮಿ. "ನಾವು ಮಾಡುವುದು ಹೋರಿಮೋನೊ" ಎಂದರು. ಹೋರು ಎಂದರೆ ಕೆತ್ತು. ಇವರು ಹೋರಿಶಿ, ಕೆತ್ತುವವರು. ಮರದಚ್ಚಿನ ಚಿತ್ರಗಳಿಗೆ ಹಲಗೆ ಕೆತ್ತುವವನಿಗೂ ಇದೇ ಹೆಸರು; ಹಿಡಿಯುವ ಸಾಧನ ನೋಮಿ, ಅಂದರೆ ಉಳಿ. 1827ರ ಸುಮಾರಿಗೆ ಕುನಿಯೋಶಿ ಎಂಬ ಚಿತ್ರಕಾರ ಮೈತುಂಬ ಹಚ್ಚೆಯಿರುವ ಚೀನೀ ಕಥೆಯ ವೀರರನ್ನು ಚಿತ್ರಿಸಿದ ಮೇಲೆ ಎದೋ (ಈಗಿನ ಟೋಕಿಯೋ) ನಗರದ ಕೂಲಿಗಳು, ಬಡಗಿಗಳು, ಬೆಂಕಿ ಆರಿಸುವವರು ಆ ಡ್ರ್ಯಾಗನ್ನುಗಳನ್ನು ತಮ್ಮ ಬೆನ್ನಿಗೆ ಇಳಿಸಿಕೊಂಡರು. ಹಲಗೆಯಿಂದ ಚರ್ಮಕ್ಕೆ ಬಂದ ಕಲೆಗೆ ಹಲಗೆಯ ಮಾತೇ ಉಳಿದುಕೊಂಡಿದೆ.

"ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ?" ಎಂದು ಕೇಳಿದರು. ಹಚ್ಚೆ ಹುಯ್ಯುವುದು ಎಂದೆ. ಅಜ್ಜಿಯ ಮುಂಗೈಯ ತುಳಸಿಕಟ್ಟೆ, ಸುತ್ತ ರಂಗೋಲಿಯ ಚುಕ್ಕಿ, ಮನೆ ಬಾಗಿಲಿಗೆ ಬರುತ್ತಿದ್ದ ಕೊರವಂಜಿ, ನೋವು ಮರೆಸಲು ಅವಳು ಹೇಳುತ್ತಿದ್ದ ಹಾಡು, ಕೊನೆಗೆ ಅವಳ ಮೊರಕ್ಕೆ ಬೀಳುತ್ತಿದ್ದ ಅಕ್ಕಿ, ಎಲ್ಲ ಹೇಳಿದೆ. ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಅಜ್ಜಿ ಹೇಳುತ್ತಿದ್ದಳು. ಗುರುಗಳು ತಲೆಯಾಡಿಸಿ, ಒಳಗಿನ ಕೋಣೆಗೆ ಬರಲು ಹೇಳಿದರು.

ಅಲ್ಲಿ ಚಾಪೆಯ ಮೇಲೆ ಒಬ್ಬರು ಬೋರಲಾಗಿ ಮಲಗಿದ್ದರು. ಬಡಗಿಯಂತೆ, ವಯಸ್ಸು ಐವತ್ತೈದರ ಆಸುಪಾಸು. ನಾವು ನೋಡಬಹುದೆಂದು ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಗುರುಗಳು ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಚರ್ಮ ಬಿಗಿಹಿಡಿದರು. ಅದೇ ಕೈಯ ಉಳಿದ ಬೆರಳುಗಳ ನಡುವೆ ಮಸಿ ತುಂಬಿದ ಕುಂಚ. ಉದ್ದನೆಯ ಉಕ್ಕಿನ ಹಿಡಿಯ ತುದಿಯಲ್ಲಿ ಸಾಲುಗಟ್ಟಿದ ಸೂಜಿಗಳು. ಅದನ್ನು ಎಡ ಹೆಬ್ಬೆರಳಿಗೆ ಆನಿಸಿ ಮೀಟತೊಡಗಿದರು. ಒಳಹೋಗುವಾಗ ಸದ್ದಿಲ್ಲ, ಚರ್ಮ ಬಿಟ್ಟು ಮೇಲೆದ್ದಾಗ ಮಾತ್ರ ಸಣ್ಣ 'ಶಕ್'. ಶಕ್, ಶಕ್, ಶಕ್. ಹಸಿ ತೆಂಗಿನಕಾಯಿ ತುರಿಯುವ ಸದ್ದನ್ನು ಪಕ್ಕದ ಮನೆಯಿಂದ ಕೇಳಿದ ಹಾಗೆ. ಹೊರಗೆರೆಗೆ ಅವರೂ ಯಂತ್ರ ಬಳಸುತ್ತಾರೆ. ಆದರೆ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಚರ್ಮದ ಬಣ್ಣಕ್ಕೆ ಕರಗುವ ಆ ಛಾಯೆಯನ್ನು ಕೈಯಲ್ಲೇ ತುಂಬಬೇಕು ಎನ್ನುತ್ತಾರೆ. ನನ್ನ ತಮ್ಮ ಮಂಡಿಯೂರಿ ಕುಳಿತವನು ಒಂದೂವರೆ ಗಂಟೆ ಅಲ್ಲಾಡಲಿಲ್ಲ.

ನನ್ನ ಕಣ್ಣು ಕೆಲಸದ ಮೇಲಿರಲಿಲ್ಲ, ಬೆನ್ನ ಮೇಲಿದ್ದವನ ಮೇಲಿತ್ತು. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಪಾಶ, ಹಿಂದೆ ಜ್ವಾಲೆ, ಕಡೆವಾಯಿಯಲ್ಲಿ ಕೋರೆ. ಫುದೋ ಮ್ಯೋಓ, ಬೌದ್ಧರ ಉಗ್ರ ದೇವತೆ. ಫುದೋ ಎಂದರೆ ಅಲುಗದವನು. ಸಂಸ್ಕೃತದ ಅಚಲನೇ ಚೀನಾ ದಾಟಿ ಬಂದು ಇಲ್ಲಿ ಫುದೋ ಆಗಿದ್ದಾನೆ. ಅವನ ತಲೆಯ ಮೇಲೊಂದು ಅಕ್ಷರ. "ಬೊಂಜಿ, ನಿಮ್ಮ ದೇಶದ ಲಿಪಿ" ಎಂದರು ಗುರುಗಳು. ಅದು ಅಚಲನ ಬೀಜಾಕ್ಷರ, ಸಿದ್ಧಂ ಲಿಪಿಯಲ್ಲಿ. ನನಗೆ ಓದಲು ಬರಲಿಲ್ಲ. ಆದರೂ ಅದಕ್ಕೂ ನಮ್ಮ ಕನ್ನಡಕ್ಕೂ ಬ್ರಾಹ್ಮಿಯೇ ತಾಯಿ ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು. ಅಷ್ಟು ಹೊತ್ತೂ ಮಾತಾಡದೆ ಮಲಗಿದ್ದ ಬಡಗಿ ಮುಖವೆತ್ತದೆ ಹೇಳಿದರು: "ಹಾಗಾದರೆ ಇವನು ಬಹಳ ದೂರ ನಡೆದಿದ್ದಾನೆ."

ಕೆಲಸ ಮುಗಿದ ಮೇಲೆ ತಮ್ಮ ತನ್ನ ನೋಟ್‌ಬುಕ್ ತೆಗೆದ. ತೋಳಿಗೆಂದು ಬರೆದುಕೊಂಡಿದ್ದ ಚಿತ್ರ: ಚೆರ್ರಿ ಹೂಗಳ ನಡುವೆ ಸುರುಳಿ ಸುತ್ತಿದ ಹಾವು. ಗುರುಗಳು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. "ಗೆರೆ ಚೆನ್ನಾಗಿದೆ. ಆದರೆ ಚೆರ್ರಿ ಅರಳುವಾಗ ಹಾವು ಇನ್ನೂ ನೆಲದೊಳಗೆ ಮಲಗಿರುತ್ತದೆ. ಇದನ್ನು ಎಬ್ಬಿಸಿದವರು ಯಾರು?" ಎಂದರು. ಹಾವಿಗೆ ಬೊತಾನ್ ಒಪ್ಪುತ್ತದೆ, ದುಂಡನೆಯ ಪಿಯೋನಿ ಹೂವು. ಅದು ಅರಳುವ ಹೊತ್ತಿಗೆ ಹಾವೂ ಎದ್ದಿರುತ್ತದೆ. ತೋಳಿನಲ್ಲಿ ಚಿತ್ರ ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಕ್ರಮವಿದೆ. ಅಂಚಿಗೆ ಮಿಕಿರಿ ಎನ್ನುತ್ತಾರೆ. ಹೂವಿನ ಎಸಳಿನಂತೆ ಬಾಗಿದರೆ ಬೊತಾನ್ ಮಿಕಿರಿ, ಮುಂಜಾವಿನ ಬೆಳಕಿನಂತೆ ಕರಗಿದರೆ ಅಕೆಬೊನೊ ಮಿಕಿರಿ.

"ಹಾಗಿದ್ದರೆ ಇವರೇ ಹಾಕಿಕೊಡುತ್ತಾರಾ?" ಎಂದು ತಮ್ಮ ನನ್ನಿಂದ ಕೇಳಿಸಿದ. ಗುರುಗಳು ಒಪ್ಪಲಿಲ್ಲ. ಹತ್ತು ದಿನಕ್ಕೆ ಬಂದವನಿಗೆ ಗೆರೆ ಎಳೆದು ಕಳುಹಿಸಿದರೆ ಒಳಗೆ ತುಂಬುವವರು ಯಾರು? ಬಡಗಿಯ ಬೆನ್ನಿಗೆ ಇದು ನಾಲ್ಕನೆಯ ವರ್ಷ, ತಿಂಗಳಿಗೆ ಎರಡು ಸಲ. ಅಷ್ಟು ದೂರದಿಂದ ಬಂದವನಿಗೆ ಒಂದು ಎಲೆಯನ್ನಾದರೂ ಕೆತ್ತಬಾರದೇ ಎಂದು ನನಗೆ ಬೇಸರವಾಯಿತು. ತಮ್ಮನಿಗೆ ಆಗಲಿಲ್ಲ. ಬಾಗಿ ನಮಸ್ಕರಿಸಿದ.

ಬಡಗಿ ಎದ್ದು ಕುಳಿತಾಗ ಎದೆಯ ನಡುವೆ ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಅಂಗೈ ಅಗಲ ಖಾಲಿ ಚರ್ಮ ಕಂಡಿತು. ಕಿಮೋನೊ ಸ್ವಲ್ಪ ಸಡಿಲವಾದರೂ ಏನೂ ಕಾಣಬಾರದೆಂದು ಬಿಟ್ಟ ಜಾಗ. ತೋಳಿನ ಚಿತ್ರ ಮೊಣಕೈಗಿಂತ ಮೇಲೆಯೇ ನಿಂತಿತ್ತು. ಅಂಗಿಯ ಗುಂಡಿ ಹಾಕಿಕೊಂಡರೆ ಅಚಲ ಮಾಯ. 1872ರಿಂದ 1948ರವರೆಗೆ ಹಚ್ಚೆ ಈ ದೇಶದಲ್ಲಿ ಅಪರಾಧವಾಗಿತ್ತು. ಆ ನಡುವೆಯೇ, 1881ರಲ್ಲಿ, ಇಲ್ಲಿಗೆ ಬಂದ ಬ್ರಿಟನ್ನಿನ ರಾಜಕುಮಾರ ಜಾರ್ಜ್ ತೋಳಿನ ಮೇಲೆ ಡ್ರ್ಯಾಗನ್ ಹಾಕಿಸಿಕೊಂಡು ಹೋದ. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ರೂಪಾಯಿಯ ಐದನೆಯ ಜಾರ್ಜ್ ಅವನೇ. ವೈದ್ಯರಲ್ಲದವರು ಟ್ಯಾಟೂ ಹಾಕುವುದು ತಪ್ಪಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 2020ರಲ್ಲಿ, ಒಸಾಕಾದ ಒಬ್ಬ ಟ್ಯಾಟೂ ಕಲಾವಿದ ಐದು ವರ್ಷ ಹೋರಾಡಿದ ಮೇಲೆ.

"ಸ್ನಾನಕ್ಕೆ ಎಲ್ಲಿ ಹೋಗುತ್ತೀರಿ?" ಎಂದು ಕೇಳಿದೆ. ಬೀದಿಯ ಹಳೆಯ ಸಾರ್ವಜನಿಕ ಸ್ನಾನದ ಮನೆಯಲ್ಲಿ ಯಾರೂ ತಡೆಯುವುದಿಲ್ಲವಂತೆ. "ಮೊಮ್ಮಗಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗಲು ಮಾತ್ರ ಆಗಿಲ್ಲ" ಎಂದು ಷೂ ಹಾಕಿಕೊಂಡು ಹೊರಟರು. ಹನ್ನೆರಡು ವರ್ಷ ಆ ಫಲಕಗಳ ಪಕ್ಕದಲ್ಲೇ ನಡೆದು ಒಳಹೋಗಿದ್ದೇನೆ. ಅವು ಅನ್ಯಾಯ ಎಂದು ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ ಎಂಬುದು ಆ ಮೆಟ್ಟಿಲಿನಲ್ಲಿ ನಾಚಿಕೆ ತಂದಿತು.

ರೈಲಿನಲ್ಲಿ ತಮ್ಮ ಹಾವನ್ನು ಮಾತ್ರ ಉಳಿಸಿ ಚೆರ್ರಿಯನ್ನೆಲ್ಲ ಅಳಿಸಿದ. ದೊಡ್ಡ ಎಸಳೊಂದನ್ನು ಎಳೆದು, "ಅಕ್ಕ, ಅಂಚಿಗೆ ಅವರು ಏನೆಂದರು?" ಎಂದು ಕೇಳಿದ. ಹೇಳಿದೆ. ಎಸಳಿನ ಕೆಳಗೆ ಕನ್ನಡದಲ್ಲಿ ಬರೆದುಕೊಂಡ: ಬೊತಾನ್ ಮಿಕಿರಿ.