ರೋಮಿನ ಸಹಿ, ಊರಿನ ಠರಾವು ಪುಸ್ತಕ

ದುಬೈನ ಊದ್ ಮೇಥಾದ ಸೇಂಟ್ ಮೇರೀಸ್‌ನಲ್ಲಿ ಕೊಂಕಣಿ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಚಂದಾವರ, ಹೊನ್ನಾವರ, ಕಾರವಾರ ಕಡೆಯವರ ಮಾತು ಬೇಗ ಪೋಪರ ಮೇಲೆ ಹೊರಳುತ್ತದೆ. 2025ರ ಮೇ 8ರಂದು ಆಯ್ಕೆಯಾದ 14ನೇ ಲಿಯೋ, ಹಿಂದಿನ ಪೋಪ್ ಫ್ರಾನ್ಸಿಸರು ಅರ್ಧಕ್ಕೆ ಬಿಟ್ಟ ಸುಧಾರಣೆಯನ್ನು ಮುಗಿಸುತ್ತಾರೆ ಎಂದು ಕೆಲವರ ಆಸೆ. ಸದ್ಯ, ಎಲ್ಲ ಹಳೇ ದಾರಿಗೆ ಬಂದೀತು ಎಂದು ಉಳಿದವರದು. ಯಾವ ಬದಲಾವಣೆ ಯಾರ ಕೈಯಲ್ಲಿದೆ ಎಂದು ಮಾತ್ರ ಎರಡೂ ಕಡೆಯವರು ನೋಡುವುದಿಲ್ಲ.

ಹಳೇ ಕ್ರಮದ ಲ್ಯಾಟಿನ್ ಪೂಜೆ ನಿಂತಿರುವುದು ಪೋಪರ ಸಹಿಯ ಮೇಲೆ. 2007ರಲ್ಲಿ ಪೋಪ್ ಬೆನೆಡಿಕ್ಟರು ಸಡಿಲಿಸಿದ್ದನ್ನು 2021ರ ಜುಲೈ 16ರಂದು ಫ್ರಾನ್ಸಿಸರು ಬಿಗಿ ಮಾಡಿದರು. ಆ ಹಳೇ ಕ್ರಮದ 1962ರ ಪೂಜಾ ಪುಸ್ತಕ ಹಿಡಿಯಲು ಪಾದ್ರಿಗೆ ಬಿಷಪರ ಅಪ್ಪಣೆ ಬೇಕು. ಆ ತಾರೀಖಿನ ನಂತರ ದೀಕ್ಷೆಯಾದವರಿಗೆ ರೋಮಿನ ಒಪ್ಪಿಗೆಯೂ ಬೇಕು. 2025ರ ಅಕ್ಟೋಬರಿನಲ್ಲಿ ಕಾರ್ಡಿನಲ್ ಬರ್ಕ್ ಸೇಂಟ್ ಪೀಟರ್ಸ್‌ನಲ್ಲೇ ಹಳೇ ಪೂಜೆ ಅರ್ಪಿಸಿದ್ದು ಲಿಯೋ ಅನುಮತಿಯಿಂದಲೇ, ಆದರೆ ಅದರಿಂದ ನಿಯಮವೇನೂ ಅಳಿಯಲಿಲ್ಲ.

ಮಹಿಳೆಯರಿಗೆ ಡೀಕನ್ ಪದವಿ (ಪಾದ್ರಿಗಿಂತ ಕೆಳಗಿನ ದೀಕ್ಷಾ ಹುದ್ದೆ) ಕೊಡುವ ವಿಷಯ ಅಷ್ಟು ಸಲೀಸಲ್ಲ. 2024ರಲ್ಲಿ ರೋಮಿನಲ್ಲಿ ಸೇರಿದ ಸಿನೊಡಿನಲ್ಲಿ, ಅಂದರೆ ಬಿಷಪರು ಮತ್ತಿತರರ ಸಮಾಲೋಚನಾ ಸಭೆಯಲ್ಲಿ, ಅಂತಿಮ ವರದಿಯ ಆ ಪರಿಚ್ಛೇದಕ್ಕೆ 258 ಹೌದು, 97 ಅಲ್ಲ. ಅದು ಹೇಳಿದ್ದಾದರೂ ಪ್ರಶ್ನೆ ಇನ್ನೂ ತೆರೆದಿದೆ ಎಂದಷ್ಟೇ! ಸದ್ಯಕ್ಕೆ ಬೋಧನೆ ಬದಲಿಸುವ ಇರಾದೆ ತಮಗಿಲ್ಲ ಎಂದು ಲಿಯೋ ಹೇಳಿಯೂ ಆಗಿದೆ. ಸಲಿಂಗಿ ಜೋಡಿಗಳ ಆಶೀರ್ವಾದದ ಬಗ್ಗೆ ವ್ಯಾಟಿಕನ್ ಹೊರಡಿಸಿದ 2023ರ ಪತ್ರದಲ್ಲಂತೂ ಆಸೆಗೂ ಸಿಟ್ಟಿಗೂ ಅಳತೆಯೇ ಇರಲಿಲ್ಲ. ಅದು ಪೂಜಾವಿಧಿಯಲ್ಲ, 10-15 ಸೆಕೆಂಡಿನ ಮಾತು ಎಂದು ವ್ಯಾಟಿಕನ್ನೇ ಆಮೇಲೆ ವಿವರಿಸಬೇಕಾಯಿತು.

ಸಹಿ ಬಿದ್ದರೂ ಕೆಲಸ ಕೆಡಬಹುದು ಎಂಬುದಕ್ಕೆ ಇಲ್ಲಿ ಪಕ್ಕದಲ್ಲೇ ನಿಲ್ಲುವ ಮಲಯಾಳಿಗಳನ್ನು ಕೇಳಿ. ಕೇರಳದ ಕ್ಯಾಥೋಲಿಕರ ಸಿರೋ ಮಲಬಾರ್ ಪಂಗಡದ ಪಾದ್ರಿ ಪೂಜೆಯಲ್ಲಿ ಯಾವ ಹೊತ್ತಿಗೆ ಜನರ ಕಡೆ, ಯಾವ ಹೊತ್ತಿಗೆ ಬಲಿಪೀಠದ ಕಡೆ ಮುಖ ಮಾಡಬೇಕೆಂದು 2021ರಲ್ಲಿ ಅವರದೇ ಬಿಷಪರ ಸಿನೊಡೇ ತೀರ್ಮಾನಿಸಿತು. ಫ್ರಾನ್ಸಿಸರೂ ಒತ್ತಿ ಹೇಳಿದರು. ಆದರೂ ಎರ್ನಾಕುಲಂನಲ್ಲಿ ಗಲಾಟೆ ಹತ್ತಿ 2022ರ ನವೆಂಬರಿನಲ್ಲಿ ಪ್ರಧಾನ ದೇವಾಲಯಕ್ಕೇ ಬೀಗ ಬಿತ್ತು.

ಕಾರವಾರ, ಶಿರಸಿ ಕಡೆಯ ಇಗರ್ಜಿಗಳಿಗೆ ತಟ್ಟುವ ವಿಷಯ ಬೇರೆಯೇ. 1983ರ ಧರ್ಮಸಂಹಿತೆಯ (ಚರ್ಚಿನ ಕಾನೂನು ಪುಸ್ತಕ) 537ನೇ ನಿಯಮದಂತೆ ಪ್ರತಿ ಧರ್ಮಕೇಂದ್ರಕ್ಕೂ, ಅಂದರೆ ಊರಿನ ಇಗರ್ಜಿಗೂ, ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಸಮಿತಿ ಹಾಗಲ್ಲ: 536ರ ಪ್ರಕಾರ ಬಿಷಪರು ಬೇಕೆಂದರೆ ಮಾತ್ರ, ಇದ್ದರೂ ಸಲಹೆಗಷ್ಟೇ. ಅದನ್ನೂ ಕಡ್ಡಾಯ ಮಾಡಿ ಎಂದು 2024ರ ಸಿನೊಡ್ ಕೇಳಿದೆ. ಜನರ ಒಮ್ಮತದ ಸಲಹೆಯನ್ನು ಬಲವಾದ ಕಾರಣವಿಲ್ಲದೆ ಬಿಡಬಾರದು, ಬಿಟ್ಟರೆ ಕಾರಣ ಹೇಳಬೇಕು ಎಂದೂ ಬರೆದಿದೆ. ಹೀಗೆ ಕಾರಣ ಕೇಳಲು ರೋಮಿನ ಸಹಿ ಕಾಯಬೇಕಾಗಿಲ್ಲ. ಎಂಟು ದಿನ ಮೊದಲೇ ವಿಷಯಪಟ್ಟಿ ಕೇಳಿ. ಲೆಕ್ಕವನ್ನು ಬಾಬ್ತುವಾರು ಓದಿಸಿ, ಅದೂ ಜನ ಊಟಕ್ಕೆ ಏಳುವ ಮೊದಲೇ. ಪಾದ್ರಿ ಒಪ್ಪದ ಸಲಹೆಯನ್ನು ಅವರು ಕೊಟ್ಟ ಕಾರಣದ ಜೊತೆಗೆ ಠರಾವು ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನಲ್ಲಿ ಮುಗಿದದ್ದು ಪಾದ್ರಿಯ ವರ್ಗವಾದೊಡನೆ ಸತ್ತಂತೆ.

ಫ್ರಾನ್ಸಿಸರ ಕಾಲದಲ್ಲೇ ಹಾಕಿದ ವೇಳಾಪಟ್ಟಿಯಂತೆ 2027ರ ಮೊದಲ ಆರು ತಿಂಗಳಲ್ಲಿ ಸಿನೊಡ್ ಹೇಳಿದ್ದು ಎಷ್ಟು ಜಾರಿಯಾಯಿತು ಎಂದು ನೋಡಲು ಧರ್ಮಕ್ಷೇತ್ರಗಳ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಪರಾಮರ್ಶೆ ಸಭೆ, ಆ ವರ್ಷದ ಕೊನೆಯೊಳಗೆ ದೇಶಮಟ್ಟದ್ದು, 2028ರ ಅಕ್ಟೋಬರಿನಲ್ಲಿ ವ್ಯಾಟಿಕನ್‌ನಲ್ಲಿ ಮಹಾಸಭೆ. ಠರಾವು ಪುಸ್ತಕ ಮೊದಲು ಬಿಚ್ಚಬೇಕಾದದ್ದು ಕಾರವಾರದ ಸಭೆಯಲ್ಲಿ.