ಓಬಿಡಿ ತೋರಿಸುವ ಮೈಲೇಜನ್ನು ಯಾರೂ ಅಳೆದಿರುವುದಿಲ್ಲ

ಕಾರು ತನ್ನ ಸ್ಥಿತಿಯನ್ನು ತಾನೇ ತಪಾಸಿಸುವ ವ್ಯವಸ್ಥೆಗೆ ಓಬಿಡಿ ಎನ್ನುತ್ತಾರೆ. ಅಡಾಪ್ಟರ್ ಮೂಲಕ ಅದರ ಅಂಕಿ ಓದುವ ಆ್ಯಪಿನಲ್ಲಿ, ಫೋನಿನ ಪರದೆಯ ಮೇಲೆ ‘ಲೀಟರಿಗೆ 20.3 ಕಿ.ಮೀ.’ ಅಂತ ಬಂದಾಗ ಎಂಜಿನ್ನಿನೊಳಗೆ ಯಾವುದೋ ಮೀಟರ್ ಪೆಟ್ರೋಲನ್ನು ಅಳೆದು ಹೇಳುತ್ತಿದೆ ಅನ್ನಿಸುತ್ತದೆ. ಬಹುತೇಕ ಕಾರುಗಳಲ್ಲಿ ಅಂಥ ಮೀಟರೇ ಇಲ್ಲ. ಒಳಗೆ ಹೋದ ಗಾಳಿಯ ತೂಕ ನೋಡಿ, ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಉರಿದಿರಬೇಕು ಅಂತ ಆ್ಯಪ್ ಹಾಕುವ ಲೆಕ್ಕ ಅದು. ಲೆಕ್ಕದ ಬುಡ ಗೊತ್ತಿದ್ದರೆ ಯಾವ ಅಂಕಿ ನಂಬಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಸಾಮಾನಿನ ವಿಚಾರ ಮುಗಿಸೋಣ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಓಬಿಡಿ-2 ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಅಗ್ಗದ ಇಎಲ್‌ಎಂ327 ಅಡಾಪ್ಟರುಗಳಲ್ಲಿ ಹೆಚ್ಚಿನವು ನಕಲು. ಕೆಲಸ ಮಾಡುತ್ತವೆ, ಆದರೆ ನಿಧಾನ. ಅಡಾಪ್ಟರ್ ಒಂದೊಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದರಿಂದ ಆ್ಯಪಿನಲ್ಲಿ 12 ಗೇಜ್ (ಅಂಕಿ ತೋರಿಸುವ ಡಯಲ್) ಇಟ್ಟುಕೊಂಡರೆ ಎಲ್ಲವೂ ಹಳಸಲು ಅಂಕಿಯನ್ನೇ ತೋರಿಸುತ್ತವೆ. ನಾಲ್ಕೇ ಸಾಕು: ಎಂಜಿನ್ ಲೋಡ್ (ಎಂಜಿನ್ ತನ್ನ ಸಾಮರ್ಥ್ಯದ ಶೇಕಡಾ ಎಷ್ಟು ದುಡಿಯುತ್ತಿದೆ ಅನ್ನುವುದು), ಆರ್‌ಪಿಎಂ, ಕೂಲೆಂಟ್ ತಾಪ, ಗಂಟೆಗೆ ಎಷ್ಟು ಲೀಟರ್. ಹಳೆಯ ಮಾದರಿಯ ಬ್ಲೂಟೂತ್ ಅಡಾಪ್ಟರ್ ಐಫೋನಿಗೆ ಜೋಡಿಯಾಗದು. ವೈಫೈ ಅಥವಾ ಬಿಎಲ್‌ಇ (ಕಡಿಮೆ ಕರೆಂಟಿನ ಹೊಸ ಬ್ಲೂಟೂತ್) ಇರುವುದನ್ನು ಕೊಳ್ಳಬೇಕು. ಇನ್ನೊಂದು, ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ. ಅಡಾಪ್ಟರ್ 40 ಮಿಲಿಆ್ಯಂಪ್ ಎಳೆದರೆ ಒಂದು ವಾರಕ್ಕೆ 6.7 ಆ್ಯಂಪ್-ಅವರ್ ಆಯಿತು. 35 ಆ್ಯಂಪ್-ಅವರ್ ಬ್ಯಾಟರಿಯಲ್ಲಿ ಇದು ಐದರಲ್ಲೊಂದು ಪಾಲು. ಊರಿಗೆ ಹೋಗುವಾಗ ಕಿತ್ತಿಟ್ಟು ಹೋಗಿ.

ಈಗ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 9 ಗ್ರಾಂ ಗಾಳಿ ಒಳಗೆ ಹೋಗುತ್ತಿದೆ ಅನ್ನಿ. ಗಂಟೆಗೆ 32,400 ಗ್ರಾಂ. ಒಂದು ಗ್ರಾಂ ಪೆಟ್ರೋಲ್ ಉರಿಯಲು 14.7 ಗ್ರಾಂ ಗಾಳಿ ಬೇಕು, ಹಾಗಾಗಿ ಇದನ್ನು 14.7ರಿಂದ ಭಾಗಿಸಿದರೆ 2,204 ಗ್ರಾಂ ಪೆಟ್ರೋಲ್. ಲೀಟರಿಗೆ 745 ಗ್ರಾಂ ಹಿಡಿದರೆ 2.96 ಲೀಟರ್. ಅಲ್ಲಿಗೆ 20.3 ಕಿ.ಮೀ. ಮೈಲೇಜ್ ಬಂತು. ಆದರೆ 14.7 ಶುದ್ಧ ಪೆಟ್ರೋಲಿನ ಅನುಪಾತ. ಈಗ ಬಂಕಿನಲ್ಲಿ ಹಾಕುವ ಇ20ಗೆ (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಅದು ಸುಮಾರು 13.5. ಲೀಟರಿನ ತೂಕವೂ ತುಸು ಹೆಚ್ಚು. ಅದೇ 9 ಗ್ರಾಂ ಗಾಳಿಗೆ 3.18 ಲೀಟರ್, ಅಂದರೆ 18.9 ಕಿ.ಮೀ. ಆ್ಯಪ್ ಶೇ. 7ರಷ್ಟು ಸಿಹಿ ಸುಳ್ಳು ಹೇಳುತ್ತಿರುತ್ತದೆ.

ಗಾಳಿ ತೂಗುವ ಮ್ಯಾಫ್ ಸೆನ್ಸರ್ ಇಲ್ಲದ ಸಣ್ಣ ಪೆಟ್ರೋಲ್ ಕಾರುಗಳು ಎಷ್ಟೋ ಇವೆ. ಅವುಗಳಲ್ಲಿ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒತ್ತಡ, ಒಳಬರುವ ಗಾಳಿಯ ತಾಪ, ಆರ್‌ಪಿಎಂ, ಎಂಜಿನ್ ಸಿಸಿ ಇವುಗಳಿಂದ ಆ್ಯಪ್ ಗಾಳಿಯನ್ನೂ ಊಹಿಸುತ್ತದೆ. ಊಹೆಯ ಮೇಲೆ ಊಹೆ! ಇದನ್ನು ದಾರಿಗೆ ತರುವ ಉಪಾಯ ಒಂದೇ. ಬಂಕಿನಲ್ಲಿ ನಾಜಲ್ ತಾನಾಗಿ ನಿಲ್ಲುವವರೆಗೆ ಹಾಕಿಸಿ, ಆ್ಯಪಿನ ಟ್ರಿಪ್ ಸೊನ್ನೆ ಮಾಡಿ, ಮುಕ್ಕಾಲು ಟ್ಯಾಂಕ್ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ನಾಜಲ್ ನಿಲ್ಲುವವರೆಗೆ ಹಾಕಿಸಿ. ಆ್ಯಪ್ 18.4 ಲೀಟರ್ ಅಂದು ಪಂಪ್ 20.2 ಅಂದರೆ ವ್ಯತ್ಯಾಸ 1.098 ಪಟ್ಟು. ಆ್ಯಪಿನ ಸೆಟ್ಟಿಂಗಿನಲ್ಲಿ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ (ಸಿಲಿಂಡರ್ ಶೇಕಡಾ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಅನ್ನುವುದು) 80 ಇದ್ದದ್ದನ್ನು 88 ಮಾಡಿ. ಎರಡು ಟ್ಯಾಂಕಿನ ಸರಾಸರಿ ಇನ್ನೂ ಒಳ್ಳೆಯದು. ‘ಚೂರು ಹಾಕಿ, ರೌಂಡ್ ಫಿಗರ್ ಆಗಲಿ’ ಅಂದರೆ ಎಲ್ಲ ಕೆಟ್ಟಿತು.

ಡೀಸೆಲ್‌ಗೆ ಈ ಗಾಳಿ ಲೆಕ್ಕ ನಡೆಯುವುದೇ ಇಲ್ಲ. ಅಲ್ಲಿ ಯಾವಾಗಲೂ ಗಾಳಿ ಬೇಕಾದ್ದಕ್ಕಿಂತ ಹೆಚ್ಚೇ. ಕಾರಿನ ಕಂಪ್ಯೂಟರ್ ‘ಎಂಜಿನ್ ಫ್ಯೂಯೆಲ್ ರೇಟ್’ ಕೊಟ್ಟರೆ ಮಾತ್ರ ನಂಬಿ.

ಓಡಿಸುವಾಗ ಕಣ್ಣು ಇರಬೇಕಾದ್ದು ಲೋಡ್ ಮೇಲೆ. ಅರೆಬರೆ ಮುಚ್ಚಿದ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲು) ಮೂಲಕ ಗಾಳಿ ಎಳೆಯುವುದಕ್ಕೇ ಪೆಟ್ರೋಲ್ ಎಂಜಿನ್ ಶಕ್ತಿ ಕಳೆಯುತ್ತದೆ. 3,500 ಆರ್‌ಪಿಎಂನಲ್ಲಿ ಶೇ. 35 ಲೋಡ್ ಇಟ್ಟು ಎಳೆಯುವುದಕ್ಕಿಂತ 2,000ದಲ್ಲಿ ಶೇ. 65 ಇಟ್ಟು ಅಷ್ಟೇ ಎಳೆಯುವುದು ಅಗ್ಗ. ‘ಆಕ್ಸಿಲರೇಟರ್ ಮೆತ್ತಗೆ ಒತ್ತಿ’ ಅನ್ನುವ ಬುದ್ಧಿಮಾತು ಅರ್ಧ ನಿಜ ಮಾತ್ರ. ವೇಗ ಹಿಡಿಯುವಾಗ ಲೋಡನ್ನು 70–80ಕ್ಕೆ ತಂದು, 2,000ದ ಆಸುಪಾಸಿನಲ್ಲಿ ಮೇಲಿನ ಗೇರಿಗೆ ಹಾಕಿ, ಬೇಕಾದ ವೇಗ ಬಂದ ಮೇಲೆ ಕಾಲು ಸಡಿಲಿಸಬೇಕು. ಲೋಡ್ 90 ದಾಟಿದರೆ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿಯಲು ಶುರುಮಾಡುತ್ತದೆ. ಆ್ಯಪಿನಲ್ಲಿ ಫ್ಯೂಯೆಲ್ ಸ್ಟೇಟಸ್ ‘ಕ್ಲೋಸ್ಡ್ ಲೂಪ್’ನಿಂದ (ಸೆನ್ಸರ್ ನೋಡಿ ಪೆಟ್ರೋಲ್ ತಿದ್ದುವ ಸ್ಥಿತಿ) ‘ಓಪನ್ ಲೂಪ್’ (ಹಾಗೆ ತಿದ್ದದ ಸ್ಥಿತಿ) ಆಗುವುದು ಅದರ ಗುರುತು. 1,500 ಆರ್‌ಪಿಎಂಗಿಂತ ಕೆಳಗೆ ಜೋರಾಗಿ ಒತ್ತಲೂಬಾರದು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಇದು ಪಿಸ್ಟನ್ನಿಗೇ ಕುತ್ತು.

ಇನ್ನು ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ನ್ಯೂಟ್ರಲ್ ಹಾಕುವವರ ವಿಷಯ. ನ್ಯೂಟ್ರಲ್‌ನಲ್ಲಿ 1.2 ಲೀಟರ್ ಎಂಜಿನ್ ಗಂಟೆಗೆ 0.6–0.8 ಲೀಟರ್ ಕುಡಿಯುತ್ತಲೇ ಇರುತ್ತದೆ, ಬ್ರೇಕೂ ಕಾಯುತ್ತದೆ. ಮೂರನೇ ಗೇರಿನಲ್ಲಿ ಇಟ್ಟು ಕಾಲು ಪೂರ್ತಿ ತೆಗೆದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳೇ ಬಂದ್, ಖರ್ಚು ಸೊನ್ನೆ. ತಮಾಷೆಯೆಂದರೆ ಆಗಲೂ ಎಷ್ಟೋ ಆ್ಯಪ್‌ಗಳು ಅರ್ಧ ಲೀಟರ್ ತೋರಿಸುತ್ತವೆ, ಗಾಳಿ ಒಳಗೆ ಹೋಗುತ್ತಿದೆಯಲ್ಲ! ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ, ಎಂಜಿನ್ನಿಗೆ ಹತ್ತಿರದ ಆಕ್ಸಿಜನ್ ಸೆನ್ಸರ್ ಸಾಮಾನ್ಯ ಬಗೆಯದಾಗಿದ್ದರೆ ಅದರ ವೋಲ್ಟೇಜ್ ನೋಡಿ; ಸೊನ್ನೆಗೆ ಇಳಿದು ಅಲ್ಲೇ ಕೂತಿದ್ದರೆ ಪೆಟ್ರೋಲ್ ನಿಂತಿದೆ ಅಂತಲೇ ಅರ್ಥ. ದೂರದಿಂದ ಕೆಂಪು ಸಿಗ್ನಲ್ ಕಂಡಾಗಲೂ ಇದನ್ನೇ ಮಾಡಬಹುದು.

ಕೆಲವು ಅಂಕಿ ಚಾಲಕರ ತಪ್ಪನ್ನಲ್ಲ, ಗಾಡಿಯ ರೋಗವನ್ನು ಹೇಳುತ್ತವೆ. ಹೈವೇಯಲ್ಲಿ 15 ಕಿ.ಮೀ. ಓಡಿದರೂ ಕೂಲೆಂಟ್ 68 ಡಿಗ್ರಿ ದಾಟದಿದ್ದರೆ ಕೂಲೆಂಟ್ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು) ಸೊನ್ನೆಯಿಂದ ಆಚೀಚೆ 5ರೊಳಗಿದ್ದರೆ ಚೆನ್ನ. ಇ20ಯಿಂದ ಇನ್ನೊಂದಷ್ಟು ಏರಬಹುದು. +10 ದಾಟಿ ನಿಂತರೆ ಮ್ಯಾಫ್ ಇರುವ ಕಾರಿನಲ್ಲಿ ಸೆನ್ಸರಿನ ಆಚೆ ಎಲ್ಲೋ ಪೈಪು ಬಿರುಕು ಬಿಟ್ಟು ಗಾಳಿ ನುಗ್ಗುತ್ತಿರಬಹುದು, ಇಲ್ಲವೇ ಫ್ಯೂಯೆಲ್ ಪಂಪ್ ಸೋತಿರಬಹುದು. −10 ಆದರೆ ಸೋರುವ ಇಂಜೆಕ್ಟರ್ ಮೇಲೆ ಅನುಮಾನ ಪಡಿ.

ಓಡಿಸುತ್ತಾ ಪರದೆ ನೋಡುತ್ತಿರಬೇಡಿ. ಲೋಡ್ 85 ಆದಾಗ ಬೀಪ್ ಬರುವಂತೆ ಇಟ್ಟು, ಉಳಿದದ್ದನ್ನು ಲಾಗ್ ಫೈಲಿಗೆ ಬಿಡಿ. ಮನೆಯಲ್ಲಿ ಫೈಲ್ ತೆರೆದಾಗ ಮೊದಲು ವೇಗ ಸೊನ್ನೆ ಇರುವ ಸಾಲುಗಳನ್ನು ಕೂಡಿ. ಬೆಂಗಳೂರಿನಂಥ ಕಡೆ ದಿನಕ್ಕೆ 40 ನಿಮಿಷ ನಿಂತಲ್ಲೇ ಎಂಜಿನ್ ಓಡಿದ್ದರೆ, ಗಂಟೆಗೆ 0.7ರಂತೆ ಹತ್ತಿರ ಹತ್ತಿರ ಅರ್ಧ ಲೀಟರ್. ಎಸಿ ಹಾಕಿದ್ದರೆ ಇನ್ನೂ ಜಾಸ್ತಿ.